ಮನೆಮಂದಿಯ ಜೊತೆ ಹಳ್ಳಿಗಾಡಿನಲ್ಲಿ ನಾಲ್ಕು ದಿನ: ಧಾವಂತವಿಲ್ಲದ ರಜೆ ಹೊಂದಿಸುವುದು ಹೇಗೆ?

ಮದುವೆಯಾದ ಎರಡನೇ ವರ್ಷ ನಾವಿಬ್ಬರೂ ನಮ್ಮ ಅಪ್ಪ-ಅಮ್ಮ, ಅತ್ತೆ-ಮಾವ ಎಲ್ಲರನ್ನೂ ಕರೆದುಕೊಂಡು ಪ್ರವಾಸ ಹೊರಟೆವು. ನಾಲ್ಕು ದಿನ, ಆರು ಊರು, ಮೂರು ಲಾಡ್ಜ್. ಒಂದು ಜಾಗವನ್ನೂ ಬಿಡಬಾರದೆಂದು ಗಂಟೆ ಲೆಕ್ಕದಲ್ಲಿ ಪಟ್ಟಿ ಬರೆದುಕೊಂಡಿದ್ದೆ. ಮನೆಗೆ ಬಂದ ಮೇಲೆ ಅಮ್ಮನನ್ನು ಯಾವುದು ಚೆನ್ನಾಗಿತ್ತು ಎಂದು ಕೇಳಿದೆ. “ಟೈರ್ ಪಂಕ್ಚರ್ ಆಗಿ ಒಂದು ಹಳ್ಳಿ ಮರದ ಕೆಳಗೆ ಕೂತಿದ್ವಲ್ಲ, ಅದು ಕಣೋ. ಅಲ್ಲೊಂದೇ ಕಡೆ ಎಲ್ಲರೂ ಕೂತು ಮಾತಾಡಿದ್ದು” ಎಂದರು. ಆವತ್ತಿನಿಂದ ನಾವು ರಜೆಯ ಯೋಜನೆ ಮಾಡುವ ರೀತಿಯೇ ಬೇರೆಯಾಯಿತು. ಏನೇನು ಸೇರಿಸಬೇಕು ಎಂದು ಯೋಚಿಸುವುದಕ್ಕಿಂತ ಏನೇನು ಕೈಬಿಡಬಹುದು ಎಂದು ಮೊದಲು ಯೋಚಿಸುತ್ತೇವೆ.

ಇದು ನಮ್ಮೊಬ್ಬರ ಅನುಭವವಲ್ಲ. ನೆದರ್ಲೆಂಡ್ಸ್‌ನ ಸಂಶೋಧಕರು 1,530 ವಯಸ್ಕರನ್ನು ಅಧ್ಯಯನ ಮಾಡಿ 2010ರಲ್ಲಿ ಒಂದು ವರದಿ ಪ್ರಕಟಿಸಿದರು. ಪ್ರವಾಸ ಹೋಗುವವರು ಹೊರಡುವ ಮೊದಲೇ ಉಳಿದವರಿಗಿಂತ ಹೆಚ್ಚು ಖುಷಿಯಾಗಿರುತ್ತಾರೆ. ವಾಪಸ್ ಬಂದ ಮೇಲೆ ಬಹುತೇಕರಲ್ಲಿ ಆ ವ್ಯತ್ಯಾಸ ಉಳಿಯುವುದಿಲ್ಲ. ರಜೆ ತುಂಬಾ ನಿರಾಳವಾಗಿತ್ತು ಎಂದವರಲ್ಲಿ ಮಾತ್ರ ಖುಷಿ ಬಂದ ಮೇಲೂ ಕೆಲಕಾಲ ಉಳಿದಿತ್ತು. ಇದರಿಂದ ನಾನು ಕಲಿತದ್ದು ಎರಡು: ತಾರೀಕನ್ನು ಮನೆಯವರಿಗೆ ತಿಂಗಳ ಮೊದಲೇ ಹೇಳಬೇಕು, ಎದುರುನೋಡುವ ಸುಖ ಅವರಿಗೂ ಸಿಗಲಿ. ಹೋದ ಮೇಲೆ ಓಡಬಾರದು.

ಹಂತ 1: ಬುಕಿಂಗ್‌ಗೆ ಮೊದಲು ಮಾತು

“ನಿಮಗೆ ಎಲ್ಲಿಗೆ ಹೋಗಬೇಕು?” ಎಂದು ಹಿರಿಯರನ್ನು ಕೇಳಿದರೆ ಬರುವ ಉತ್ತರ ಒಂದೇ: “ನಿಮ್ಮಿಷ್ಟ, ನಮಗೇನು.” ಆ ಮಾತನ್ನು ನಂಬಿ ಹೊರಟರೆ ಮೂರನೇ ದಿನ ಯಾರದೋ ಮಂಡಿ ಊದಿಕೊಂಡಿರುತ್ತದೆ. ಪ್ರಶ್ನೆಯನ್ನು ಸಣ್ಣದು ಮಾಡಿ ಕೇಳಿ. ಒಂದೇ ಸಲ ಎಷ್ಟು ಮೆಟ್ಟಿಲು ಹತ್ತುತ್ತೀರಿ? ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ? ಮಧ್ಯಾಹ್ನ ಮಲಗದಿದ್ದರೆ ಆಗುತ್ತದಾ? ಕಾರಿನಲ್ಲಿ ಎಷ್ಟು ಹೊತ್ತು ಕೂರಬಹುದು?

ಗಂಡ ತನ್ನ ಅಪ್ಪ-ಅಮ್ಮನನ್ನು ಕೇಳಲಿ, ಹೆಂಡತಿ ತನ್ನವರನ್ನು. ಅತ್ತೆ ಸೊಸೆಯ ಮುಂದೆ, ಮಾವ ಅಳಿಯನ ಮುಂದೆ ಬಾತ್‌ರೂಮಿನ ತೊಂದರೆ ಹೇಳಿಕೊಳ್ಳುವುದು ಕಡಿಮೆ. ಮಗಳ ಹತ್ತಿರ ಹೇಳುತ್ತಾರೆ. ಆಮೇಲೆ ಪ್ರತಿಯೊಬ್ಬರಿಂದಲೂ ಒಂದು ಬೇಕು, ಒಂದು ಬೇಡ ಕೇಳಿ ಬರೆದುಕೊಳ್ಳಿ. ನೀವಿಬ್ಬರೂ ನಿಮ್ಮದನ್ನು ಬರೆಯಲು ಮರೆಯಬೇಡಿ. ಎಲ್ಲರನ್ನೂ ನೋಡಿಕೊಳ್ಳುವ ಭರದಲ್ಲಿ ದಂಪತಿಯ ಆಸೆಯೇ ಪಟ್ಟಿಯಿಂದ ಬಿಟ್ಟುಹೋಗುತ್ತದೆ.

ಹಂತ 2: ಒಂದೇ ಮನೆ, ಕನಿಷ್ಠ ಮೂರು ರಾತ್ರಿ

ಈ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ದಿನಕ್ಕೊಂದು ಊರಲ್ಲಿ ಉಳಿದರೆ ಪ್ರತಿ ಬೆಳಗ್ಗೆ ಬ್ಯಾಗು ಕಟ್ಟುವುದು, ಪ್ರತಿ ಸಂಜೆ ಬಿಚ್ಚುವುದು, ಮಾತ್ರೆ ಡಬ್ಬಿ ಎಲ್ಲಿ, ಚಾರ್ಜರ್ ಎಲ್ಲಿ ಎಂದು ಹುಡುಕುವುದು. ನಿದ್ದೆಯ ಲೆಕ್ಕವೂ ಇದೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಸರಿಯಾಗಿ ನಿದ್ದೆ ಬರದಿರುವುದು ಎಲ್ಲರಿಗೂ ಗೊತ್ತು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ಇದಕ್ಕೊಂದು ಕಾರಣ ತೋರಿಸಿದರು: ಮೊದಲ ರಾತ್ರಿ ಮೆದುಳಿನ ಒಂದು ಪಾರ್ಶ್ವ ಇನ್ನೊಂದರಷ್ಟು ಗಾಢವಾಗಿ ಮಲಗುವುದಿಲ್ಲ, ಸದ್ದಿಗೆ ಕಿವಿಗೊಟ್ಟುಕೊಂಡೇ ಇರುತ್ತದೆ. ದಿನಾ ಜಾಗ ಬದಲಿಸಿದರೆ ಪ್ರತಿ ರಾತ್ರಿಯೂ ಮೊದಲ ರಾತ್ರಿಯೇ. ವಯಸ್ಸಾದವರಿಗೆ ಮೊದಲೇ ನಿದ್ದೆ ತೆಳು.

ಹೋಮ್‌ಸ್ಟೇ ಅಥವಾ ಬಾಡಿಗೆ ಮನೆ ಗೊತ್ತು ಮಾಡುವಾಗ ಆ್ಯಪ್‌ನಲ್ಲಿರುವ ಚೆಂದದ ಚಿತ್ರ ನೋಡಿ ದುಡ್ಡು ಕಟ್ಟಬೇಡಿ. ಮನೆಯವರಿಗೆ ಫೋನ್ ಮಾಡಿ. ನೆಲಮಹಡಿಯಲ್ಲಿ ಒಂದು ಕೋಣೆಯಾದರೂ ಇದೆಯಾ, ಕಮೋಡ್ ಇದೆಯಾ, ಕಾರು ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ದೂರ, ಕೊನೆಯ ಒಂದೆರಡು ಕಿಲೋಮೀಟರ್ ರಸ್ತೆ ಹೇಗಿದೆ, ಕರೆಂಟ್ ಹೋದರೆ ಏನು ವ್ಯವಸ್ಥೆ, ಮೊಬೈಲ್ ಸಿಗ್ನಲ್ ಸಿಗುತ್ತದಾ. ಮೆಟ್ಟಿಲು ಮತ್ತು ಬಾತ್‌ರೂಮಿನ ಫೋಟೊ ಕಳಿಸಿ ಎಂದು ಕೇಳಿ; ಕೇಳಲು ಸಂಕೋಚ ಬೇಡ, ಒಳ್ಳೆಯ ಮನೆಯವರು ಕಳಿಸುತ್ತಾರೆ. ರಾತ್ರಿಯಲ್ಲೂ ತೆರೆದಿರುವ ಆಸ್ಪತ್ರೆ ಮುಕ್ಕಾಲು ಗಂಟೆಯೊಳಗೆ ಇರಬೇಕು ಎಂಬುದು ನಮ್ಮ ಮನೆಯ ನಿಯಮ.

ಎಲ್ಲರೂ ಒಟ್ಟಿಗೆ ಕೂರಲು ಒಂದು ಜಗಲಿಯೋ ಅಂಗಳವೋ ಇದ್ದರೆ ಕೋಣೆ ಸ್ವಲ್ಪ ಸಾಧಾರಣವಾಗಿದ್ದರೂ ಆ ಮನೆಯನ್ನೇ ಆರಿಸಿಕೊಳ್ಳಿ. ರಜೆಯ ಅರ್ಧ ಹೊತ್ತು ಕಳೆಯುವುದು ಅಲ್ಲೇ.

ಹಂತ 3: ದಾರಿಯ ದಿನ

ಹೋಗುವ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಬೆಳಕಿರುವಾಗಲೇ ಮನೆ ಮುಟ್ಟಿದರೆ ಸಾಕು. ಹಳ್ಳಿ ರಸ್ತೆಯಲ್ಲಿ ಕತ್ತಲಾದ ಮೇಲೆ ತಿರುವು ಹುಡುಕುವುದು ಚಾಲಕನಿಗೂ ಹಿಂಸೆ, ಹಿಂದೆ ಕೂತವರಿಗೂ ಗಾಬರಿ. ಮ್ಯಾಪನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಂಡು ಹೊರಡಿ.

ನಾಲ್ಕು ಗಂಟೆ ಮೀರಿ ಒಂದೇ ಕಡೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತ್ತು. ಆರೋಗ್ಯವಂತರಿಗೆ ಆ ಅಪಾಯ ಸಣ್ಣದೇ. ಆದರೂ ಹಿರಿಯರು ಜೊತೆಗಿದ್ದಾಗ ಎರಡು ಗಂಟೆಗೊಮ್ಮೆ ಇಳಿಸಿ ಹತ್ತು ನಿಮಿಷ ನಡೆಸಿ. ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಎಂದು ನೀರೇ ಕುಡಿಯದೆ ಕೂರುವವರಿರುತ್ತಾರೆ. ಎಲ್ಲೆಲ್ಲಿ ನಿಲ್ಲಿಸುತ್ತೇವೆಂದು ಮೊದಲೇ ಹೇಳಿದರೆ ಅವರೂ ನೀರು ಕುಡಿಯುತ್ತಾರೆ.

ತಿರುವು ರಸ್ತೆಯಲ್ಲಿ ಮಕ್ಕಳಿಗೆ ವಾಂತಿಯಾಗುವುದು ಕಿವಿಯೊಳಗಿನ ಸಮತೋಲನದ ಅಂಗ ಒಂದು ಹೇಳಿ, ಕಣ್ಣು ಇನ್ನೊಂದು ಹೇಳುವುದರಿಂದ. ಮೈ ಓಲಾಡುತ್ತಿದೆ ಎಂದು ಕಿವಿ, ಮೊಬೈಲ್ ಪರದೆ ಅಲುಗಾಡುತ್ತಿಲ್ಲ ಎಂದು ಕಣ್ಣು. ಫೋನ್ ತೆಗೆದಿಟ್ಟು ದೂರದ ದಾರಿ ನೋಡುವಂತೆ ಕೂರಿಸಿದರೆ ಎಷ್ಟೋ ಕಡಿಮೆಯಾಗುತ್ತದೆ.

ಹಂತ 4: ದಿನಕ್ಕೊಂದು ಹಳ್ಳಿ

ಎರಡು ಬೇಡ. ಬೆಳಗಿನ ತಂಪಿನಲ್ಲಿ ಅಥವಾ ಬಿಸಿಲು ಇಳಿದ ಮೇಲೆ ಹೋಗಿ. ನಡುಹಗಲಿನಲ್ಲಿ ಊರಿನವರು ಹೊಲದಲ್ಲೋ ನಿದ್ದೆಯಲ್ಲೋ ಇರುತ್ತಾರೆ, ನಿಮಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

ಯಾವ ಹಳ್ಳಿ? ಪಟ್ಟಿಗಳು ಬೇಕಾದಷ್ಟಿವೆ. ಫ್ರಾನ್ಸ್‌ನಲ್ಲಿ 1982ರಲ್ಲೇ ‘ಅತಿ ಸುಂದರ ಹಳ್ಳಿಗಳ’ ಸಂಘ ಹುಟ್ಟಿಕೊಂಡಿತು. ಜನಸಂಖ್ಯೆ 2,000 ಮೀರಿದ ಊರಿಗೆ ಅದರಲ್ಲಿ ಸ್ಥಾನವಿಲ್ಲ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಅಂಗ 2021ರಿಂದ ಉತ್ತಮ ಪ್ರವಾಸಿ ಗ್ರಾಮಗಳನ್ನು ಆರಿಸುತ್ತಿದೆ. ಇಂಥ ಪಟ್ಟಿಗಳಿಂದ ಒಳ್ಳೆಯದಾದ ಊರುಗಳಿವೆ, ನಿಜ. ಆದರೆ ಪಟ್ಟಿಯಲ್ಲಿರುವ ಊರಿಗೆ ಎಲ್ಲರೂ ಹೋಗುತ್ತಾರೆ. ನಾನು ಅದರ ಪಕ್ಕದ ಊರನ್ನು ಹುಡುಕುತ್ತೇನೆ. ಅದೇ ಗುಡ್ಡ, ಅದೇ ಹೊಳೆ, ಅದೇ ಕಲ್ಲಿನ ಗೋಡೆ, ಪಾರ್ಕಿಂಗ್ ಜಗಳವಿಲ್ಲ.

ಎಷ್ಟು ನಡೆಯಬಹುದು ಎಂಬುದಕ್ಕೆ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹಾಕಿಕೊಟ್ಟ ಲೆಕ್ಕ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ. ದಾರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಗಟ್ಟಿಮುಟ್ಟಾದವರ ಲೆಕ್ಕ. ಮೊಮ್ಮಗು, ಅಜ್ಜಿ ಇಬ್ಬರೂ ಇರುವ ಗುಂಪಿಗೆ ಅದನ್ನು ಎರಡರಿಂದ ಗುಣಿಸಿ. ಎಲ್ಲರೂ ಎಲ್ಲ ಕಡೆ ಬರಬೇಕೆಂಬ ಹಟವೂ ಬೇಡ. ಅಪ್ಪನಿಗೆ ಊರ ಮುಂದಿನ ಕಟ್ಟೆಯಲ್ಲಿ ಕೂತು ಯಾರದೋ ಜೊತೆ ಮಳೆ-ಬೆಳೆ ಮಾತಾಡುವುದೇ ಪ್ರವಾಸ, ಕೂರಲಿ ಬಿಡಿ.

ಹಳ್ಳಿ ಎಂದರೆ ವಸ್ತುಸಂಗ್ರಹಾಲಯವಲ್ಲ, ಜನರ ಮನೆ. ಈ ಮಾತು ಗೊತ್ತಿಲ್ಲದವರಿಲ್ಲ. ಆದರೆ ಕ್ಯಾಮೆರಾ ಕೈಯಲ್ಲಿದ್ದಾಗ ಮರೆತುಬಿಡುತ್ತೇವೆ. ಮನುಷ್ಯರ ಫೋಟೊ, ಅದರಲ್ಲೂ ಮಕ್ಕಳ ಫೋಟೊ, ಕೇಳದೆ ತೆಗೆಯಬೇಡಿ. ಬೆಳೆಯ ನಡುವೆ ಇಳಿಯಬೇಡಿ, ಬದುವಿನ ಮೇಲೆ ನಡೆಯಿರಿ. ಇಂಗ್ಲೆಂಡಿನಲ್ಲಿ ಹಳ್ಳಿಗಾಡಿಗೆ ಹೋಗುವವರಿಗಾಗಿ 1951ರಲ್ಲೇ ಒಂದು ನಿಯಮಪಟ್ಟಿ ತಂದರು. ಗೇಟು ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ ಹೋಗಿ ಎಂದು ಅಲ್ಲಿ ಇವತ್ತಿಗೂ ಕಲಿಸುತ್ತಾರೆ. ಸಣ್ಣ ಮಾತು, ಆದರೆ ಮುಚ್ಚಿದ ಗೇಟನ್ನು ನೀವು ತೆರೆದುಬಿಟ್ಟರೆ ದನ ಪಕ್ಕದವರ ಹೊಲಕ್ಕೆ ನುಗ್ಗುತ್ತದೆ, ತೆರೆದಿಟ್ಟದ್ದನ್ನು ಮುಚ್ಚಿದರೆ ದನಕ್ಕೆ ನೀರಿಗೆ ದಾರಿ ತಪ್ಪುತ್ತದೆ.

ನಾಯಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ತೊಳೆದು, ಆ ಕೂಡಲೇ ಆಸ್ಪತ್ರೆಗೆ ಹೊರಡಿ. ನಾಳೆ ನೋಡೋಣ ಎನ್ನಬೇಡಿ.

ಹಂತ 5: ಹೊರಗಿನ ಊಟ

ಕುಟುಂಬದ ರಜೆಯಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ಹಸಿವಿನಿಂದ. ಆದ್ದರಿಂದ ಈ ಹಂತಕ್ಕೆ ಸ್ವಲ್ಪ ತಲೆ ಕೊಡಿ.

ದಿನಕ್ಕೆ ಒಂದೇ ಊಟ ಹೊರಗೆ, ಅದೂ ಮಧ್ಯಾಹ್ನ. ರಾತ್ರಿ ಮನೆಯಲ್ಲೇ ಹಗುರವಾಗಿ ಏನಾದರೂ ಮಾಡಿಕೊಳ್ಳಿ. ಹಳ್ಳಿ ಕಡೆಯ ಹೋಟೆಲುಗಳು ನಗರದವುಗಳಂತೆ ತಡರಾತ್ರಿಯವರೆಗೆ ತೆರೆದಿರುವುದಿಲ್ಲ, ವಾರದಲ್ಲಿ ಒಂದು ದಿನ ಬಾಗಿಲು ಹಾಕುವುದೂ ಉಂಟು. ರಾತ್ರಿ ಒಂಬತ್ತಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಿದ ಬಾಗಿಲು ನೋಡಿ ಬರುವುದು ನಮಗೂ ಆಗಿದೆ.

ಬೆಳಗ್ಗೆಯೇ ಫೋನ್ ಮಾಡಿ, ಇಷ್ಟು ಜನ ಇಷ್ಟು ಗಂಟೆಗೆ ಬರುತ್ತೇವೆ ಎಂದು ಹೇಳಿ. ಅಲ್ಲಿ ಅಡುಗೆಗೆ ಇರುವವರು ಒಬ್ಬರೋ ಇಬ್ಬರೋ. ಎಂಟು ಜನ ಒಟ್ಟಿಗೆ ಹೋಗಿ ಕೂತರೆ ಎಲ್ಲರ ತಟ್ಟೆ ತುಂಬಲು ಹೊತ್ತು ಹಿಡಿಯುತ್ತದೆ. ಯಾರಿಗೆ ಖಾರ ಬೇಡ, ಯಾರಿಗೆ ಯಾವುದು ಒಗ್ಗುವುದಿಲ್ಲ ಎಂಬುದನ್ನೂ ಆಗಲೇ ಹೇಳಿಬಿಡಿ. ಊಟಕ್ಕೆ ಮುಂಚೆ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ತಟ್ಟೆ ಕಣ್ಣ ಮುಂದೆ ಬಂದ ಮೇಲೆ ತೆಗೆದುಕೊಳ್ಳಬಹುದೇ ಎಂದು ಹೊರಡುವ ಮುನ್ನವೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಔಷಧಿ ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಅಂಶ ಕುಸಿದು ತಲೆ ಸುತ್ತುತ್ತದೆ. ಹಣ್ಣು, ಬಿಸ್ಕತ್ತು ಕೈಚೀಲದಲ್ಲಿ ಸದಾ ಇರಲಿ.

ಊರಿನವರೇ ಕೂತು ಉಣ್ಣುತ್ತಿರುವ ಹೋಟೆಲು ಸಾಮಾನ್ಯವಾಗಿ ಒಳ್ಳೆಯದು. ಜನ ಬರುತ್ತಿದ್ದರೆ ಮಾಡಿದ್ದು ಬೇಗ ಖರ್ಚಾಗುತ್ತದೆ, ತಂಗಳು ಉಳಿಯುವುದಿಲ್ಲ. ಬಿಸಿಯಾಗಿ ಬಂದದ್ದನ್ನು ಬಿಸಿಯಾಗಿಯೇ ತಿನ್ನಿ. ಮಿಕ್ಕಿದ್ದನ್ನು ಕಟ್ಟಿಸಿಕೊಂಡರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು. ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟದ್ದನ್ನು ರಾತ್ರಿ ತಿನ್ನಬೇಡಿ.

ಹೋಟೆಲೇ ಆಗಬೇಕೆಂದಿಲ್ಲ. ಬೇಸಾಯದ ಮನೆಗಳೇ ಅತಿಥಿಗಳಿಗೆ ಉಳಿಯಲು ಜಾಗ, ಊಟ ಕೊಡುವ ಪದ್ಧತಿ ಹಲವು ದೇಶಗಳಲ್ಲಿದೆ. ಇಟಲಿ ಇದಕ್ಕಾಗಿಯೇ 1985ರಲ್ಲಿ ರಾಷ್ಟ್ರಮಟ್ಟದ ಕಾನೂನು ಮಾಡಿತು. ನೀವು ಉಳಿದಿರುವ ಮನೆಯವರನ್ನು ಕೇಳಿ ನೋಡಿ. ಆ ಹೊಲದಲ್ಲೇ ಬೆಳೆದದ್ದನ್ನು ಆ ಮನೆಯವರೇ ಬಡಿಸಿದ ಒಂದು ಊಟ ಸಿಕ್ಕರೆ ಉಳಿದ ಮೂರು ದಿನ ಎಲ್ಲಿ ಉಂಡಿರಿ ಎಂಬುದು ನೆನಪಿರುವುದಿಲ್ಲ.

ಬಿಲ್ಲು ಯಾರು ಕೊಡಬೇಕೆಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ಒಂದು ಊಟದ ಬಿಲ್ಲನ್ನು ಅಪ್ಪನಿಗೋ ಮಾವನಿಗೋ ಬಿಡಿ. ಎಲ್ಲವನ್ನೂ ಮಕ್ಕಳೇ ಕೊಟ್ಟರೆ ಹಿರಿಯರು ಒಳಗೊಳಗೇ ಹಿಡಿಯಾಗುತ್ತಾರೆ, ಆಮೇಲೆ ಏನನ್ನೂ ಬೇಕೆಂದು ಕೇಳುವುದಿಲ್ಲ.

ಹಂತ 6: ನಿಮ್ಮಿಬ್ಬರ ಎರಡು ಗಂಟೆ

ಇದನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ, ಅದಕ್ಕೇ ಸಿಗುವುದೂ ಇಲ್ಲ. ದಿನಕ್ಕೆ ಎರಡು ಗಂಟೆ ದಂಪತಿಗಾಗಿ ಇಡಿ. ಹಿರಿಯರು ಮಧ್ಯಾಹ್ನ ಮಲಗಿರುವಾಗ, ಅಥವಾ ಮಕ್ಕಳು ಅಜ್ಜಿ-ತಾತನ ಕಥೆ ಕೇಳುತ್ತಿರುವಾಗ. ಕದ್ದು ಹೋಗಬೇಡಿ, “ನಾವಿಬ್ಬರೂ ಸ್ವಲ್ಪ ನಡೆದು ಬರ್ತೀವಮ್ಮ” ಎಂದು ಹೇಳಿಯೇ ಹೋಗಿ. ಮೊದಲ ದಿನ ಮುಜುಗರ, ಎರಡನೇ ದಿನ ಅಮ್ಮನೇ “ಹೊತ್ತಾಯ್ತು, ಹೊರಡಲ್ವಾ?” ಎನ್ನುತ್ತಾರೆ.

ಇನ್ನೊಂದು ಮಾತು, ಗಂಡಸರಿಗೆ. ಮನೆಯಲ್ಲಿ ಅಡುಗೆ, ಬಟ್ಟೆ, ಮಾತ್ರೆ, ನೀರಿನ ಬಾಟಲಿ ನೋಡಿಕೊಳ್ಳುವವಳು ರಜೆಯಲ್ಲೂ ಅದನ್ನೇ ನೋಡಿಕೊಂಡರೆ ಅವಳಿಗೆ ರಜೆ ಸಿಕ್ಕಿಲ್ಲ, ಊರು ಬದಲಾಗಿದೆ ಅಷ್ಟೇ. ಹೊರಡುವ ಮೊದಲೇ ಕೆಲಸ ಹಂಚಿಕೊಳ್ಳಿ. ಬೆಳಗಿನ ಕಾಫಿ ಒಬ್ಬರು, ಪಾತ್ರೆ ಇನ್ನೊಬ್ಬರು, ಮಾತ್ರೆಯ ಲೆಕ್ಕ ಮತ್ತೊಬ್ಬರು. ಹತ್ತು ವರ್ಷದ ಮಗುವಿಗೆ ನೀರಿನ ಬಾಟಲಿ ತುಂಬಿಸುವ ಕೆಲಸ ಕೊಟ್ಟರೆ ಹೆಮ್ಮೆಯಿಂದ ಮಾಡುತ್ತದೆ.

ಹಂತ 7: ವಾಪಸಾಗುವುದು

ಕೆಲಸಕ್ಕೆ ಹೋಗುವ ಹಿಂದಿನ ರಾತ್ರಿ ಮನೆ ಸೇರುವ ಲೆಕ್ಕ ಹಾಕಬೇಡಿ. ಒಂದು ದಿನ ಮೊದಲೇ ಬನ್ನಿ, ಆ ದಿನ ಯಾರನ್ನೂ ಮನೆಗೆ ಕರೆಯಬೇಡಿ. ಒಗೆಯುವ ಬಟ್ಟೆ ಒಗೆಯಿರಿ, ಮಧ್ಯಾಹ್ನ ಎಲ್ಲರೂ ಮಲಗಿ. ಸಂಜೆ ಫೋನಿನಲ್ಲಿರುವ ಚಿತ್ರಗಳಲ್ಲಿ ಹತ್ತನ್ನು ಆರಿಸಿ ಅಂಗಡಿಗೆ ಕೊಟ್ಟು ಪ್ರಿಂಟ್ ಹಾಕಿಸಿ, ಅಪ್ಪ-ಅಮ್ಮನ ಕೈಗೆ ಒಂದು, ಅತ್ತೆ-ಮಾವನ ಕೈಗೆ ಒಂದು ಸೆಟ್ಟು ಕೊಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಇನ್ನೂರು ಚಿತ್ರಗಳು ಮೇಲೆ ಸರಿದುಹೋಗುತ್ತವೆ. ಆ ಹತ್ತು ಚಿತ್ರ ಟಿ.ವಿ. ಪಕ್ಕದಲ್ಲೇ ಇರುತ್ತವೆ.