ರಬ್ಬರಿನೊಳಗಿನ ಫಿಲ್ಲರನ್ನು ಪಾಸಿಟ್ರಾನಿನಿಂದ ಅಭ್ಯಸಿಸುವ ಬಗೆ

ಟೈರಿನ ರಬ್ಬರಿಗೆ ಕಸುವು ಬರುವುದು ಅದರಲ್ಲಿ ಬೆರೆಸಿದ ಕಾರ್ಬನ್ ಬ್ಲ್ಯಾಕ್ ಅಥವಾ ಸಿಲಿಕಾದಿಂದ. ಈ ಫಿಲ್ಲರಿನ ಕಣಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಡುತ್ತದೆ. ಆದರೆ ಕಣಗಳ ಸುತ್ತಲಿನ ರಬ್ಬರಿನಲ್ಲಿ, ಅದರ ಉದ್ದನೆಯ ಅಣುಸರಪಳಿಗಳ ನಡುವೆ ಇರುವ ಒಂದು ನ್ಯಾನೋಮೀಟರಿಗೂ ಕಿರಿದಾದ ಖಾಲಿ ಜಾಗಗಳು ಏನಾದವು ಎಂಬುದನ್ನು ಅಳೆಯಲು ಪಾಸಿಟ್ರಾನಿನ (ಎಲೆಕ್ಟ್ರಾನಿನ ಧನ ವಿದ್ಯುದಂಶದ ಪ್ರತಿಕಣ) ಆಯುಷ್ಯ ಮಾಪನದಷ್ಟು ನೇರವಾದ ದಾರಿ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಮೈಸೂರಿನ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿ ಪಾಲಿಮರುಗಳ ಮೇಲೆ ಇದೇ ವಿಧಾನದ ಸಂಶೋಧನೆ ನಡೆದಿದೆ.

ಮೊದಲು ಫಿಲ್ಲರೇ ಇಲ್ಲದ ಒಂದು ಮಾದರಿಯನ್ನೂ, ನೂರು ಭಾಗ ರಬ್ಬರಿಗೆ 10, 30, 50 ಭಾಗ ಫಿಲ್ಲರ್ ಸೇರಿಸಿದ ಮಾದರಿಗಳನ್ನೂ ತಯಾರಿಸಬೇಕು. ಸರಪಳಿಗಳನ್ನು ಒಂದಕ್ಕೊಂದು ಬೆಸೆಯುವ ಗಂಧಕದ ಪ್ರಮಾಣ ಎಲ್ಲದರಲ್ಲೂ ಒಂದೇ ಇದ್ದರೆ ಸಾಲದು. ಸಿಲಿಕಾ ಆ ಬೆಸುಗೆಯನ್ನು ಚುರುಕುಗೊಳಿಸುವ ವೇಗವರ್ಧಕವನ್ನು ಹೀರಿಕೊಳ್ಳುವುದರಿಂದ ಸರಪಳಿಗಳ ಅಡ್ಡಬೆಸುಗೆ ಬದಲಾಗುತ್ತದೆ, ಅದರಿಂದಲೂ ಖಾಲಿ ಜಾಗ ಕುಗ್ಗಬಹುದು. ಹಾಗಾಗಿ ಟೊಲ್ಯುಯೀನ್‌ನಲ್ಲಿ ಊದಿಸಿ ಅಡ್ಡಬೆಸುಗೆಯ ಸಾಂದ್ರತೆಯನ್ನು ಪ್ರತ್ಯೇಕವಾಗಿ ಅಳೆದಿಟ್ಟುಕೊಳ್ಳುವುದು ಅಗತ್ಯ.

ಪ್ರತಿ ಮಾದರಿಯಿಂದ 1–2 ಮಿಲಿಮೀಟರ್ ದಪ್ಪದ ಎರಡು ಬಿಲ್ಲೆಗಳನ್ನು ಕತ್ತರಿಸಿ, ನಿರ್ವಾತದಲ್ಲಿ ಒಣಗಿಸಬೇಕು. ತೆಳುವಾದ ಎರಡು ಕ್ಯಾಪ್ಟಾನ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಗಳ ನಡುವೆ ಮುಚ್ಚಿದ, ಪಾಸಿಟ್ರಾನುಗಳನ್ನು ಹೊಮ್ಮಿಸುವ ಸೋಡಿಯಂ-22 ಆಕರವನ್ನು ಬಿಲ್ಲೆಗಳ ಮಧ್ಯೆ ಇಟ್ಟು, ನಡುವೆ ಸಂದು ಉಳಿಯದಂತೆ ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಬೇಕು. ಆಕರವನ್ನು ಮುಟ್ಟುವ ಮುನ್ನ ಸಂಸ್ಥೆಯ ವಿಕಿರಣ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಕಡ್ಡಾಯ. ಪಾಸಿಟ್ರಾನ್ ಹುಟ್ಟಿದೊಡನೆ ಹೊಮ್ಮುವ 1.275 ಎಂಇವಿ ಗಾಮಾ ಕಿರಣ ಗಡಿಯಾರವನ್ನು ಚಾಲೂ ಮಾಡುತ್ತದೆ, ಪಾಸಿಟ್ರಾನ್ ಎಲೆಕ್ಟ್ರಾನಿನೊಡನೆ ಕೂಡಿ ಅಳಿಯುವಾಗಿನ 511 ಕೆಇವಿ ಕಿರಣ ನಿಲ್ಲಿಸುತ್ತದೆ. ಉಷ್ಣತೆಯನ್ನು ಸ್ಥಿರವಾಗಿಟ್ಟು, ಪ್ರತಿ ರೋಹಿತಕ್ಕೂ (ಆಯುಷ್ಯಗಳ ಹಂಚಿಕೆಯ ನಕ್ಷೆ) ಕನಿಷ್ಠ ಹತ್ತು ಲಕ್ಷ ಎಣಿಕೆಗಳನ್ನು ಸಂಗ್ರಹಿಸಬೇಕು.

ಆಕರದ ಮತ್ತು ಕ್ಯಾಪ್ಟಾನಿನ ಪಾಲನ್ನು ಕಳೆದು ರೋಹಿತವನ್ನು ಸಾಮಾನ್ಯವಾಗಿ ಮೂರು ಆಯುಷ್ಯಗಳಾಗಿ ಬಿಡಿಸಲಾಗುತ್ತದೆ. ನಮಗೆ ಬೇಕಾದುದು ಮೂರನೆಯದು, ಅಂದರೆ ಖಾಲಿ ಜಾಗದಲ್ಲಿ ಸಿಕ್ಕಿಬಿದ್ದ ಆರ್ಥೋ-ಪಾಸಿಟ್ರೋನಿಯಂನದು (ಪಾಸಿಟ್ರಾನ್ ಮತ್ತು ಎಲೆಕ್ಟ್ರಾನಿನ ಜೋಡಿಯಾದ ಪಾಸಿಟ್ರೋನಿಯಂನ ಹೆಚ್ಚು ಕಾಲ ಬದುಕುವ ರೂಪ). ಜಾಗ ದೊಡ್ಡದಾದಷ್ಟೂ ಅದರ ಆಯುಷ್ಯ ಹೆಚ್ಚು. ಆಯುಷ್ಯದಿಂದ ಜಾಗದ ಅಳತೆಯನ್ನು ಲೆಕ್ಕ ಹಾಕುವ ಟಾವೊ–ಎಲ್ಡ್ರಪ್ ಸಮೀಕರಣದ ಪ್ರಕಾರ 2.7 ನ್ಯಾನೋಸೆಕೆಂಡಿನ ಆಯುಷ್ಯಕ್ಕೆ ಸುಮಾರು 0.34 ನ್ಯಾನೋಮೀಟರ್ ತ್ರಿಜ್ಯದ ಪೊಳ್ಳು ಹೊಂದುತ್ತದೆ.

ಎಡವುವುದು ಇಲ್ಲಿಂದ ಮುಂದೆ. ಕಾರ್ಬನ್ ಬ್ಲ್ಯಾಕ್ ಹೆಚ್ಚಿದಂತೆ ಮೂರನೆಯ ಘಟಕದ ತೀವ್ರತೆ, ಅಂದರೆ ಒಟ್ಟು ಎಣಿಕೆಯಲ್ಲಿ ಅದರ ಪಾಲು, ಇಳಿಯುತ್ತದೆ. ಅದನ್ನು ಕಂಡೊಡನೆ ಪೊಳ್ಳುಗಳ ಸಂಖ್ಯೆ ಕಡಿಮೆಯಾಯಿತೆಂದು ಬರೆದುಬಿಡಬಾರದು. ಕಾರ್ಬನ್ನಿನೊಳಗೆ ನಿಂತ ಪಾಸಿಟ್ರಾನುಗಳು ಬಹುಮಟ್ಟಿಗೆ ಪಾಸಿಟ್ರೋನಿಯಂ ಆಗದೆಯೇ ಅಳಿಯುತ್ತವೆ. 50 ಭಾಗದ ಮಿಶ್ರಣದಲ್ಲಿ ತೂಕದ ಮೂರನೇ ಒಂದು ಪಾಲು ಕಾರ್ಬನ್. ಆದ್ದರಿಂದ ರಬ್ಬರಿನಲ್ಲಿ ಏನೂ ಬದಲಾಗದಿದ್ದರೂ ಫಿಲ್ಲರ್ ಇಲ್ಲದ ಮಾದರಿಯಲ್ಲಿ, ಉದಾಹರಣೆಗೆ, 24 ಶೇಕಡ ಇದ್ದ ತೀವ್ರತೆ 16ರ ಹತ್ತಿರಕ್ಕೆ ಇಳಿಯಬೇಕು. ಅದಕ್ಕಿಂತಲೂ ಕೆಳಗೆ ಹೋದರೆ ಮಾತ್ರ, ಅಥವಾ ಆಯುಷ್ಯವೇ ಕುಗ್ಗಿದರೆ, ಫಿಲ್ಲರ್ ಮತ್ತು ರಬ್ಬರಿನ ಬೆಸುಗೆಯ ಬಗ್ಗೆ ಮಾತಾಡಲು ಆಧಾರವಿದೆ.

ಸಿಲಿಕಾದ ಕತೆ ಬೇರೆ. ಅದರಲ್ಲೂ ಪಾಸಿಟ್ರೋನಿಯಂ ಹುಟ್ಟುತ್ತದೆ, ಕಣಗಳ ನಡುವಿನ ರಂಧ್ರಗಳಲ್ಲಿ ಹತ್ತಾರು ನ್ಯಾನೋಸೆಕೆಂಡ್ ಬದುಕಲೂಬಹುದು. ಒಣಗಿಸಿದ ಸಿಲಿಕಾ ಪುಡಿಯನ್ನಷ್ಟೇ ಅಳೆದು ಅದರ ಆಯುಷ್ಯಗಳನ್ನು ತಿಳಿದುಕೊಂಡ ಮೇಲೆಯೇ ಮಿಶ್ರಣದ ರೋಹಿತಕ್ಕೆ ನಾಲ್ಕನೆಯ ಘಟಕ ಬೇಕೇ ಬೇಡವೇ ಎಂದು ತೀರ್ಮಾನಿಸಬೇಕು.