ಪಾಕ್ ಕೊಲ್ಲಿಯಲ್ಲಿ ಕಡಲಹುಲ್ಲಿನ ನಾಟಿ: ನನ್ನ ಅನುಭವ

ತಮಿಳುನಾಡು ಮತ್ತು ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯಲ್ಲಿ ಕಡಲಹುಲ್ಲು ನಾಟಿ ಮಾಡುವಾಗ ನಮ್ಮ ಹೊತ್ತು ಜಾಸ್ತಿ ಹೋಗಿದ್ದು ಜಾಗ ಹುಡುಕುವುದರಲ್ಲೇ.

ತಂಜಾವೂರು, ಪುದುಕ್ಕೋಟ್ಟೈ ಜಿಲ್ಲೆಗಳ ಕರಾವಳಿಯ 448 ಚದರ ಕಿ.ಮೀ. ಸಮುದ್ರವನ್ನು ತಮಿಳುನಾಡು ಸರ್ಕಾರ 2022ರಲ್ಲಿ ಡುಗಾಂಗ್‌ಗಳ, ಅಂದರೆ ಕಡಲಹಸುಗಳ, ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಈ ಪ್ರಾಣಿ ಬದುಕುವುದೇ ಕಡಲಹುಲ್ಲು ತಿಂದು. ದೊಡ್ಡದೊಂದಕ್ಕೆ ದಿನಕ್ಕೆ 30–40 ಕೆ.ಜಿ. ಬೇಕು. ಕುಂದಾಪುರದ ಕಡೆಯವನಾದ ನನಗೆ ಅಲ್ಲಿನದು ಮೊದಲಿಗೆ ಸಮುದ್ರ ಅಂತಲೇ ಅನಿಸಲಿಲ್ಲ. ಎಷ್ಟು ದೂರ ನಡೆದರೂ ಎದೆಮಟ್ಟದ ನೀರು! ಬಿಸಿಲು ತಳ ಮುಟ್ಟುತ್ತದೆ, ಅದಕ್ಕೇ ಹುಲ್ಲು.

ಇದನ್ನು ಪಾಚಿ ಅಂದುಕೊಳ್ಳುವವರೇ ಜಾಸ್ತಿ. ಬೇರು, ಹೂವು ಎಲ್ಲ ಇರುವ ಗಿಡ ಇದು. ಗರಿಕೆಯ ಹಾಗೆ ಮರಳಿನೊಳಗೆ ಕಾಂಡ ಹರಿಸಿ ಹಬ್ಬುತ್ತದೆ. ಎಲೆ ಹೋದರೆ ಮತ್ತೆ ಚಿಗುರುತ್ತದೆ. ಟ್ರಾಲರ್ ಬಲೆ ತಳ ಉಜ್ಜಿಕೊಂಡು ಹೋದರೆ ಕಾಂಡವೇ ಕಿತ್ತು ಬರುತ್ತದೆ, ಆಮೇಲೆ ಉಳಿಯುವುದು ಬೋಳು ಮರಳು.

ನಕ್ಷೆಯಲ್ಲಿ ಚೆಂದ ಕಂಡ ಒಂದು ಜಾಗಕ್ಕೆ ಹೋದಾಗ ದೋಣಿಯ ಹಿರಿಯರು ಎಂಜಿನ್ನೇ ನಿಲ್ಲಿಸಲಿಲ್ಲ. "ಇಲ್ಲಿ ಬೇಡ ತಂಬಿ, ರಾತ್ರಿ ಇಲ್ಲೇ ಬಲೆ ಎಳೀತಾರೆ" ಅಂದರು. ದಡದ ಹತ್ತಿರ ಟ್ರಾಲರ್ ಬರಬಾರದೆಂದು ಕಾನೂನಿದೆ. ಆದರೆ ಕಾಗದದ ಮೇಲಿದ್ದದ್ದೆಲ್ಲ ನೀರಿನಲ್ಲಿ ನಡೆಯೋದಿಲ್ಲ, ಅಲ್ವಾ? ಅವರು ತೋರಿಸಿದ ಜಾಗದ ಪಕ್ಕದಲ್ಲೇ ಹಳೆಯ ಹುಲ್ಲು ಚೆನ್ನಾಗಿತ್ತು. ಅಷ್ಟೇ ಆಳ, ಅದೇ ಮರಳು. ನಾನಾದರೆ ಇಂಥ ಜಾಗ ಸಿಗದೆ ನಾಟಿಗೆ ಕೈ ಹಾಕುವುದೇ ಇಲ್ಲ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. ಆಮೇಲೆ ದಟ್ಟವಾಗಿ ಬೆಳೆದ ಕಡೆಯಿಂದ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ತೆಗೆಯುತ್ತಿದ್ದೆವು. ಹೆಚ್ಚಾಗಿ ಸೈಮೋಡೋಸಿಯಾ ಜಾತಿಯದು. ಬೆಳೆಯುವ ತುದಿ ಇರುವ ತುಂಡೇ ಆಗಬೇಕು, ತುದಿ ಮುರಿದದ್ದು ಸುಮ್ನೆ ದಂಡ. ಒದ್ದೆ ಗೋಣಿ ಮುಚ್ಚಿ ನೆರಳಲ್ಲಿಟ್ಟು, ಬಿದಿರಿನ ಚೌಕಟ್ಟಿಗೆ ಅಡ್ಡ ಬಿಗಿದ ತೆಂಗಿನ ಹಗ್ಗಕ್ಕೆ ಸೆಣಬಿನ ದಾರದಿಂದ ಕಟ್ಟುವುದು. ಗಂಟು ಬಿಗಿಯಾದರೆ ಕಾಂಡ ಜಜ್ಜಿ ಕೊಳೆಯುತ್ತದೆ, ಸಡಿಲಾದರೆ ಅಲೆ ಎಳೆದುಕೊಂಡು ಹೋಗುತ್ತದೆ. ಊರಿನ ಹೆಂಗಸರ ಕೈಗೆ ಈ ಹದ ನಮಗಿಂತ ಬೇಗ ಬಂತು. ದಾರ ಎಷ್ಟು ಎಳೆಯಬೇಕು ಅಂತ ಅವರೇ ನಮಗೆ ತೋರಿಸಿಕೊಟ್ಟರು.

ಕಟ್ಟಿದ್ದನ್ನು ಅವತ್ತೇ ಇಳಿಸಬೇಕು. ಬಿದಿರು ತೇಲುತ್ತದೆ, ಅದಕ್ಕೆ ನಾಲ್ಕೂ ಮೂಲೆಗೆ ಕಬ್ಬಿಣದ ಕೊಕ್ಕೆ ಬಡಿಯುತ್ತಿದ್ದೆವು. ಆಮೇಲೆ ಕಾಂಡ ಮರಳಿಗೆ ತಾಗಿದೆಯಾ ಅಂತ ಬೆರಳಲ್ಲೇ ತಡವಿ ನೋಡಬೇಕು, ತಳ ಕದಡಿ ಕಣ್ಣಿಗೆ ಏನೂ ಕಾಣೋದಿಲ್ಲ. ಬೇರು ಹಿಡಿಯುವ ಹೊತ್ತಿಗೆ ದಾರ, ಹಗ್ಗ ತಾವೇ ಕೊಳೆತು ಹೋಗುತ್ತವೆ. ಕೊಕ್ಕೆಗಳನ್ನು ಮಾತ್ರ ನೆನಪಿಟ್ಟು ತೆಗೆಯಬೇಕು.

ಹಿಂಗಾರಿನಲ್ಲಿ ಈ ಕೊಲ್ಲಿ ಕೆಸರಾಗುತ್ತದೆ. ಹಾಗಾಗಿ ಅದು ಮುಗಿದ ಮೇಲೆ ಶುರು ಮಾಡಿದರೆ ಮುಂದಿನ ಹಿಂಗಾರಿನೊಳಗೆ ಬೇರು ಊರಲು ಸಮಯ ಸಿಗುತ್ತದೆ. ಎಲೆ ಮೇಲೆ ಕೂತ ಹೂಳನ್ನು ಆಗಾಗ ಕೈಯಿಂದ ಒರೆಸಬೇಕು. ಚೌಕಟ್ಟಿನೊಳಗಿನ ಎಲೆ ಎಣಿಸಿ ವರದಿ ಬರೆಯುವುದು ಸುಲಭ. ನಾವು ಹೊರಗಿನ ಮರಳನ್ನು ನೋಡುತ್ತಿದ್ದೆವು. ಅಲ್ಲಿ ಹೊಸ ಚಿಗುರು ಬಂದ ಮೇಲಷ್ಟೇ ಪಕ್ಕದಲ್ಲಿ ಇನ್ನೊಂದು ಚೌಕಟ್ಟು ಇಳಿಸುತ್ತಿದ್ದೆವು.