ರಿಲೀಸ್ ಫೈಲ್ ಇಲ್ಲ ಎಂದ ಉಬುಂಟುವನ್ನು ಸರಿ ಮಾಡಿದ್ದು

ನೆಂಟರೊಬ್ಬರು ತಮ್ಮ ಲ್ಯಾಪ್‌ಟಾಪ್ ತಂದುಕೊಟ್ಟು, ಇದರಲ್ಲಿ ಕನ್ನಡ ಟೈಪ್ ಮಾಡೋ ಹಾಗೆ ಮಾಡಿಕೊಡಿ ಎಂದರು. ಒಳಗಿದ್ದದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟುವಿನ 23.10 ಆವೃತ್ತಿ. ತುಂಬಾ ದಿನ ಮೂಲೆಯಲ್ಲಿ ಬಿದ್ದಿದ್ದ ಯಂತ್ರ. ಟೈಪಿಂಗ್ ಭಾಷೆ ಬದಲಿಸುವ ಐಬಸ್‌ಗೆ ಕನ್ನಡ ಕೀಲಿಮಣೆ ಕೊಡುವ ಎಂ17ಎನ್ ಪ್ಯಾಕೇಜ್ ಹಾಕಿ, ಜೊತೆಗೆ ಗುಬ್ಬಿ ಮತ್ತು ನವಿಲು ಫಾಂಟ್ ಹಾಕಿದರೆ ಕೆಲಸ ಮುಗಿಯಬೇಕು. ಆದರೆ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್‌ಗೆ ಹೊಸ ಪಟ್ಟಿ ತರಲು ಹೇಳುವ ‘ಸುಡೊ ಆಪ್ಟ್ ಅಪ್‌ಡೇಟ್’ ಕಮಾಂಡ್ ಕೊಟ್ಟ ಕೂಡಲೇ ಪರದೆ ತುಂಬ ದೋಷದ ಸಾಲುಗಳು ಬಂದವು.

ಇಂಥ ಹೊತ್ತಿನಲ್ಲಿ ಎಲ್ಲೋ ಸಿಕ್ಕ ಕಮಾಂಡನ್ನು ತಂದು ಅಂಟಿಸುವ ಮೊದಲು ಆ ಸಾಲುಗಳನ್ನು ಓದಬೇಕು. ‘ಇ’ ಅಕ್ಷರದಿಂದ ಶುರುವಾಗುವ ಸಾಲು ದೋಷ, ‘ಡಬ್ಲ್ಯೂ’ ಅಂದರೆ ಎಚ್ಚರಿಕೆ. ತೊಂದರೆ ಯಾವ ವಿಳಾಸದಲ್ಲಿದೆ, ಏನು ತೊಂದರೆ ಎಂಬುದನ್ನು ಆಪ್ಟ್ ಅಲ್ಲೇ ಹೇಳಿರುತ್ತದೆ. ಈ ಲ್ಯಾಪ್‌ಟಾಪಿನಲ್ಲಿ ಮೂರು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿದ್ದವು.

ಮೊದಲು ಗಡಿಯಾರ. ಒಂದು ಸಾಲಿನಲ್ಲಿ ‘ನಾಟ್ ವ್ಯಾಲಿಡ್ ಯೆಟ್’ ಎಂದಿತ್ತು. ಅಂದರೆ ಸರ್ವರ್ ಕಳಿಸಿದ ಫೈಲಿನ ದಿನಾಂಕ ಈ ಯಂತ್ರದ ಲೆಕ್ಕದಲ್ಲಿ ಇನ್ನೂ ಬಂದೇ ಇಲ್ಲ. ನೋಡಿದರೆ ಸಿಸ್ಟಮ್ ತಾರೀಕು ಹಿಂದಕ್ಕೆ ನಿಂತುಬಿಟ್ಟಿತ್ತು. ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಾಗ ಹೀಗಾಗುತ್ತದೆ. ನೆಟ್‌ವರ್ಕ್ ಸಿಕ್ಕರೆ ಸಾಮಾನ್ಯವಾಗಿ ಸಮಯ ತಾನೇ ಸರಿಹೋಗುತ್ತದೆ. ಆದರೆ ನೆಟ್‌ನಿಂದ ಸಮಯ ತರುವ ಎನ್‌ಟಿಪಿ ಬಳಸುವ 123ನೇ ಪೋರ್ಟನ್ನು ತಡೆದಿರುವ ಕಡೆ ಸರಿಹೋಗುವುದಿಲ್ಲ. ನಾನು ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ತಾರೀಕು ನೋಡಿದೆ, ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿದೆ, ಗಡಿಯಾರ ಸರಿಯಾಯಿತು. ಬ್ರೌಸರ್‌ನಲ್ಲಿ ಯಾವ ಸೈಟೂ ತೆರೆಯದಿದ್ದದ್ದಕ್ಕೂ ಇದೇ ಕಾರಣ.

ಇನ್ನು ದೊಡ್ಡದು. ‘404 ನಾಟ್ ಫೌಂಡ್’, ಅದರ ಕೆಳಗೆ ರೆಪೊಸಿಟರಿಯಲ್ಲಿ (ಪ್ಯಾಕೇಜುಗಳನ್ನು ಇಟ್ಟಿರುವ ಸರ್ವರ್ ಜಾಗ) ಈಗ ರಿಲೀಸ್ ಫೈಲ್ (ಅಲ್ಲಿ ಏನೇನಿದೆ ಎಂದು ಹೇಳುವ ಫೈಲ್) ಇಲ್ಲ ಎಂಬ ಸಾಲು. ಇಂಟರ್ನೆಟ್ ಕೆಟ್ಟಿರಲಿಲ್ಲ. ವಿಳಾಸವೇ ಖಾಲಿಯಾಗಿತ್ತು. ಉಬುಂಟುವಿನ ಎಲ್‌ಟಿಎಸ್ (ದೀರ್ಘ ಬೆಂಬಲದ) ಆವೃತ್ತಿಗೆ 5 ವರ್ಷ ಬೆಂಬಲ ಇರುತ್ತದೆ. ನಡುನಡುವೆ ಬರುವ ಆವೃತ್ತಿಗಳಿಗೆ ಬರೀ 9 ತಿಂಗಳು. 23.10 ಬಂದದ್ದು 2023ರ ಅಕ್ಟೋಬರ್‌ನಲ್ಲಿ, ಬೆಂಬಲ ಮುಗಿದದ್ದು 2024ರ ಜುಲೈನಲ್ಲಿ. ಅವಧಿ ಮುಗಿದ ಆವೃತ್ತಿಗಳ ಪ್ಯಾಕೇಜುಗಳನ್ನು ಮುಖ್ಯ ಸರ್ವರ್‌ನಿಂದ ತೆಗೆದು ‘ಓಲ್ಡ್-ರಿಲೀಸಸ್’ ಎಂಬ ಬೇರೆ ಸರ್ವರ್‌ನಲ್ಲಿ ಇಡುತ್ತಾರೆ. ಬೇರೆ ಲಿನಕ್ಸ್‌ಗಳಲ್ಲೂ ಹೀಗೇ, ಡೆಬಿಯನ್‌ಗೆ ‘ಆರ್ಕೈವ್’ ಇದೆ. ಸೆಂಟ್‌ಒಎಸ್‌ಗೆ ‘ವಾಲ್ಟ್’. 2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7 ಮುಗಿದ ಮೇಲೆ ಅದನ್ನು ನಡೆಸುತ್ತಿದ್ದವರಿಗೂ ಇದೇ ಪಾಡು.

ಆಪ್ಟ್ ಫೋಲ್ಡರಿನ ‘ಸೋರ್ಸಸ್ ಡಾಟ್ ಲಿಸ್ಟ್’ ಫೈಲಿನ ಒಂದು ಪ್ರತಿ ತೆಗೆದಿಟ್ಟೆ. ಆಮೇಲೆ ಅದರಲ್ಲಿದ್ದ ಭಾರತದ ಮಿರರ್ (ಮುಖ್ಯ ಸರ್ವರ್‌ನ ನಕಲು) ವಿಳಾಸ, ಸೆಕ್ಯುರಿಟಿ ವಿಳಾಸ ಎರಡನ್ನೂ ‘ಓಲ್ಡ್-ರಿಲೀಸಸ್’ ವಿಳಾಸಕ್ಕೆ ಬದಲಿಸಿದೆ. ಸೆಕ್ಯುರಿಟಿ ಸಾಲನ್ನು ಹಾಗೇ ಬಿಟ್ಟು, ದೋಷ ಹೋಗಲೇ ಇಲ್ಲ ಅನ್ನುವವರು ಜಾಸ್ತಿ. ಮತ್ತೆ ಅಪ್‌ಡೇಟ್ ಕೊಟ್ಟಾಗ ಪಟ್ಟಿಗಳು ಸಲೀಸಾಗಿ ಇಳಿದವು.

ಇಲ್ಲಿಗೇ ನಿಲ್ಲಿಸಬಾರದು. ಹಳೆಯ ಸರ್ವರ್‌ನಲ್ಲಿ ಪ್ಯಾಕೇಜ್ ಸಿಗುತ್ತದೆ ನಿಜ, ಆದರೆ ಹೊಸ ಸುರಕ್ಷಾ ತಿದ್ದುಪಡಿ ಒಂದೂ ಬರುವುದಿಲ್ಲ. ಅದು ಮುಂದಿನ ಆವೃತ್ತಿಗೆ ಹತ್ತಲು ಮೆಟ್ಟಿಲು ಅಷ್ಟೇ. ಹಾಗಾಗಿ ಫೈಲುಗಳನ್ನೆಲ್ಲ ಪೆನ್‌ಡ್ರೈವ್‌ಗೆ ಹಾಕಿಕೊಂಡು, ‘ಫುಲ್-ಅಪ್‌ಗ್ರೇಡ್’ ಮುಗಿಸಿ, ರೀಸ್ಟಾರ್ಟ್ ಮಾಡಿ, ‘ಡೂ-ರಿಲೀಸ್-ಅಪ್‌ಗ್ರೇಡ್’ ಓಡಿಸಿ 24.04ಕ್ಕೆ ತಂದೆ. 24.04ರಲ್ಲಿ ವಿಳಾಸಗಳು ಹಳೆಯ ಜಾಗದಲ್ಲಿ ಇರುವುದಿಲ್ಲ, ‘ಸೋರ್ಸಸ್ ಡಾಟ್ ಲಿಸ್ಟ್ ಡಾಟ್ ಡಿ’ ಫೋಲ್ಡರಿನ ‘ಉಬುಂಟು ಡಾಟ್ ಸೋರ್ಸಸ್’ ಫೈಲಿನಲ್ಲಿ ಇರುತ್ತವೆ. ಹಳೆಯ ಫೈಲ್ ಖಾಲಿ ಕಂಡರೆ ಗಾಬರಿ ಬೇಡ.

ಆವೃತ್ತಿ ಬದಲಿಸುವಾಗ ಹೊರಗಿನ ರೆಪೊಸಿಟರಿಗಳನ್ನು ಉಬುಂಟು ಆಫ್ ಮಾಡುತ್ತದೆ. ಅದರಲ್ಲೊಂದು ನೆಂಟರಿಗೆ ಬೇಕಿತ್ತು. ಆನ್ ಮಾಡಿದಾಗ ಮೂರನೇ ತೊಂದರೆ ಎದುರಾಯಿತು: ‘ನೋ ಪಬ್‌ಕೀ’. ಆ ರೆಪೊಸಿಟರಿಯ ಸಹಿಯನ್ನು ಪರೀಕ್ಷಿಸುವ ಕೀಲಿ ಈ ಯಂತ್ರದಲ್ಲಿ ಇಲ್ಲ ಎಂದರ್ಥ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಿಲೀಸ್ ಫೈಲಿಗೆ ರೆಪೊಸಿಟರಿ ನಡೆಸುವವರ ಜಿಪಿಜಿ ಎಂಬ ಡಿಜಿಟಲ್ ಸಹಿ ಇರುತ್ತದೆ. ಆ ಫೈಲಿನೊಳಗೆ ಪ್ಯಾಕೇಜ್ ಪಟ್ಟಿಗಳ ಹ್ಯಾಶ್ (ಫೈಲಿನಲ್ಲಿರುವುದರಿಂದ ಲೆಕ್ಕ ಹಾಕಿದ ಗುರುತು) ಇರುತ್ತದೆ. ಪಟ್ಟಿಯೊಳಗೆ ಒಂದೊಂದು ಪ್ಯಾಕೇಜಿನ ಹ್ಯಾಶ್. ಹೀಗೆ ಒಂದು ಸಹಿಯಿಂದ ಪ್ಯಾಕೇಜುಗಳಷ್ಟೂ ಅಸಲಿ ಎಂದು ಖಾತ್ರಿಯಾಗುತ್ತದೆ. ಯಾವ ಮಿರರ್‌ನಿಂದ ತಂದರೂ ನಂಬಬಹುದು ಅನ್ನುವುದು ಇದರಿಂದಲೇ. ‘ಟ್ರಸ್ಟೆಡ್ ಈಕ್ವಲ್ಸ್ ಯೆಸ್’ ಎಂದು ಸೇರಿಸಿ ದೋಷವನ್ನು ಮುಚ್ಚಿಹಾಕಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಆ ಪರೀಕ್ಷೆಯೇ ಹೋಗಿಬಿಡುತ್ತದೆ. ಇನ್‌ಸ್ಟಾಲ್ ಆಗುವಾಗ ಪ್ಯಾಕೇಜಿನ ಸ್ಕ್ರಿಪ್ಟುಗಳು ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ಓಡುತ್ತವೆ, ನೆನಪಿರಲಿ.

ಹಳೆಯ ‘ಆಪ್ಟ್-ಕೀ’ ಕಮಾಂಡ್ ಕೂಡ ಬೇಡ. ಅದರಿಂದ ಸೇರಿಸಿದ ಕೀಲಿಯನ್ನು ಎಲ್ಲ ರೆಪೊಸಿಟರಿಗಳಿಗೂ ಒಪ್ಪಿಕೊಳ್ಳಲಾಗುತ್ತದೆ. ನಾನು ತಯಾರಕರ ಸ್ವಂತ ತಾಣದಿಂದ ಹೊಸ ಕೀಲಿ ಇಳಿಸಿ, ಅವರು ಪ್ರಕಟಿಸಿದ ಫಿಂಗರ್‌ಪ್ರಿಂಟ್ (ಕೀಲಿಯ ಗುರುತು ಸಂಖ್ಯೆ) ಜೊತೆ ತಾಳೆ ನೋಡಿದೆ. ಆಪ್ಟ್ ಫೋಲ್ಡರಿನೊಳಗಿನ ‘ಕೀರಿಂಗ್ಸ್’ನಲ್ಲಿ ಅದನ್ನು ಇಟ್ಟೆ. ಆ ಒಂದು ರೆಪೊಸಿಟರಿಯ ಸಾಲಿಗೆ ಮಾತ್ರ ‘ಸೈನ್ಡ್-ಬೈ’ ಎಂದು ಕೀಲಿಯ ದಾರಿ ತೋರಿಸಿದೆ. ದೋಷ ಹೋಯಿತು.

ಇಷ್ಟಾದ ಮೇಲೂ ಬೇರೆ ಯಂತ್ರಗಳಲ್ಲಿ ಆಗಾಗ ಕಾಣುವುದು ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’. ಮಿರರ್ ಅರ್ಧ ಹೊಸದಾಗಿ ಅರ್ಧ ಹಳೆಯದಾಗಿ ಇದ್ದಾಗ, ಅಥವಾ ನಡುವಿನ ಪ್ರಾಕ್ಸಿ ಹಳೆಯ ಪ್ರತಿ ಕೊಟ್ಟಾಗ ಇದು ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎಷ್ಟೋ ಸಲ ಸರಿಹೋಗಿರುತ್ತದೆ. ಇಲ್ಲದಿದ್ದರೆ ಆಪ್ಟ್‌ನ ‘ಲಿಸ್ಟ್ಸ್’ ಫೋಲ್ಡರಿನಲ್ಲಿರುವುದನ್ನು ಅಳಿಸಿ, ಮುಖ್ಯ ಸರ್ವರ್‌ಗೆ ಬದಲಿಸಿ ಮತ್ತೆ ಅಪ್‌ಡೇಟ್ ಕೊಡುತ್ತೇನೆ. ಇನ್ನು ಲಾಕ್ (ಒಮ್ಮೆಗೆ ಒಂದೇ ಇನ್‌ಸ್ಟಾಲ್ ಕೆಲಸ ನಡೆಯುವಂತೆ ಹಾಕುವ ಬೀಗ) ಸಿಗಲಿಲ್ಲ ಎಂದರೆ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆಯುತ್ತಿರಬಹುದು. ಅದು ಮುಗಿಯಲಿ. ಲಾಕ್ ಫೈಲನ್ನು ಸುಮ್ನೆ ಅಳಿಸಿದರೆ ಪ್ಯಾಕೇಜುಗಳ ಲೆಕ್ಕ ಇಡುವ ಡಿಪಿಕೆಜಿಯ ದಾಖಲೆಯೇ ಕೆಡಬಹುದು.

ಲ್ಯಾಪ್‌ಟಾಪ್ ವಾಪಸ್ ಕೊಡುವ ಮೊದಲು ‘ರಿಲೀಸ್-ಅಪ್‌ಗ್ರೇಡ್ಸ್’ ಫೈಲಿನ ‘ಪ್ರಾಂಪ್ಟ್’ ಸಾಲನ್ನು ‘ಎಲ್‌ಟಿಎಸ್’ ಎಂದು ಬದಲಿಸಿದೆ. ಇನ್ನು 9 ತಿಂಗಳ ಆವೃತ್ತಿಗಳನ್ನು ಅದು ತೋರಿಸುವುದಿಲ್ಲ. 24.04ಕ್ಕೆ 2029ರವರೆಗೆ ಬೆಂಬಲ ಇದೆ.